ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಮನಬಿಲ್ಲಿನ ಲೆಕ್ಕಾಚಾರ

ಯುಗಾದಿ ಕಳೆದು ಮೈಸೂರು, ಮಂಡ್ಯ ಕಡೆ ಸಂಜೆ ಮಳೆ ಶುರುವಾದರೆ ಸಾಕು, ಕಾಮನಬಿಲ್ಲಿನ ಬಗ್ಗೆ ಪತ್ರಗಳು ಬರತೊಡಗುತ್ತವೆ. ಒಂದೇ ತರಹದವನ್ನು ಒಟ್ಟು ಮಾಡಿ ಈ ಸಲದ ಅಂಕಣವನ್ನು ಪೂರ್ತಿ ಅವಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಗೈಡಿನಲ್ಲಿ ಮಳೆಹನಿಯ ಒಳಗೆ ಬೆಳಕಿಗೆ ‘ಪೂರ್ಣ ಆಂತರಿಕ ಪ್ರತಿಫಲನ’ ಆಗುತ್ತದೆ ಎಂದಿದೆ. ನಮ್ಮ ಲೆಕ್ಚರರ್ ‘ಪೂರ್ಣ’ ಅನ್ನೋದನ್ನ ಹೊಡೆದುಹಾಕಿ ಅಂದರು. ಯಾವುದು ಸರಿ? ಇನ್ನೊಂದು, ಹನಿಯ ಚಿತ್ರ ಬರೆದರೆ ನೇರಳೆ ಮೇಲೆ, ಕೆಂಪು ಕೆಳಗೆ ಬರುತ್ತದೆ. ಆಕಾಶದಲ್ಲಿ ಕೆಂಪು ಮೇಲಿರುತ್ತದಲ್ಲ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಮಂಡ್ಯ

ನಿಮ್ಮ ಲೆಕ್ಚರರ್ ಹೇಳಿದ್ದೇ ಸರಿ. ಗೈಡಿನ ಆ ಪದವನ್ನು ಹೊಡೆದುಹಾಕಿ.

ನೀರಿನಿಂದ ಗಾಳಿಗೆ ಹೊರಟ ಬೆಳಕು ಪೂರ್ತಿ ಒಳಕ್ಕೇ ತಿರುಗಬೇಕಾದರೆ ಅದು ಲಂಬದೊಂದಿಗೆ (ಮೇಲ್ಮೈಗೆ ನೆಟ್ಟಗೆ ನಿಂತ ಗೆರೆಯೊಂದಿಗೆ) 48.6 ಡಿಗ್ರಿಗಿಂತ ಹೆಚ್ಚು ಕೋನ ಮಾಡಿ ಬಡಿಯಬೇಕು. ಕಾಮನಬಿಲ್ಲು ಮಾಡುವ ಕಿರಣ ಹನಿಯ ಹಿಂಬದಿಗೆ ಬಡಿಯುವುದು 40 ಡಿಗ್ರಿಯಲ್ಲಿ. ಹಾಗಾಗಿ ಬಹುಪಾಲು ಬೆಳಕು ಅಲ್ಲೇ ಹೊರಗೆ ಸೋರಿಹೋಗುತ್ತದೆ. ಒಳಕ್ಕೆ ತಿರುಗುವುದು ನೂರಕ್ಕೆ ಆರು ಪಾಲು ಮಾತ್ರ, ನಾವು ನೋಡಿ ಬೆರಗಾಗುವ ಬಿಲ್ಲೆಲ್ಲ ಆ ಆರು ಪಾಲಿನದ್ದೇ. ಲೆಕ್ಕವಿಲ್ಲದೆಯೂ ಇದನ್ನು ತೋರಿಸಬಹುದು. ಹನಿ ದುಂಡಗಿದೆ. ಕಿರಣ ಒಳಗೆ ಬಂದಾಗ ಲಂಬದೊಂದಿಗೆ ಎಷ್ಟು ಕೋನ ಮಾಡಿತ್ತೋ, ಹಿಂಬದಿಯಲ್ಲೂ ಅಷ್ಟೇ ಕೋನ ಮಾಡುತ್ತದೆ. ಆ ಕೋನದಲ್ಲಿ ಒಳಗೆ ಬರಲು ಆಯಿತು ಅಂದಮೇಲೆ ಹೊರಗೆ ಹೋಗಲೂ ಆಗಲೇಬೇಕು. ದುಂಡು ಹನಿಗೆ ಹೊರಗಿನಿಂದ ಬಂದ ಯಾವ ಕಿರಣಕ್ಕೂ ಅದರೊಳಗೆ ಪೂರ್ಣ ಪ್ರತಿಫಲನ ಆಗುವುದಿಲ್ಲ.

ಕಾಮನಬಿಲ್ಲು ಸೂರ್ಯನಿಗೆ ನೇರ ಎದುರು ದಿಕ್ಕಿನಿಂದ 42 ಡಿಗ್ರಿ ಆಚೆ ಕಾಣುತ್ತದೆ ಅನ್ನುತ್ತಾರಲ್ಲ, ಇನ್ನು ಆ 42 ಎಲ್ಲಿಂದ ಬಂತು ಅನ್ನುವುದು. ಪರೀಕ್ಷೆಯಲ್ಲಿ ಕೇಳಲಿ ಬಿಡಲಿ, ಇದನ್ನು ಒಮ್ಮೆ ಕೈಯಾರೆ ಲೆಕ್ಕ ಮಾಡಿ ನೋಡಿ. ಹನಿಗೆ ಬಡಿಯುವಾಗ ಕಿರಣ ಲಂಬದೊಂದಿಗೆ ಮಾಡುವ ಪತನ ಕೋನ i, ಬಾಗಿ ಒಳಗೆ ಹೋದ ಮೇಲೆ ಮಾಡುವ ವಕ್ರೀಭವನ ಕೋನ r ಎಂದಿಟ್ಟುಕೊಂಡರೆ, ಬಂದ ದಿಕ್ಕಿಗೂ ವಾಪಸ್ ಹೋಗುವ ದಿಕ್ಕಿಗೂ ನಡುವಿನ ಕೋನ 4r − 2i. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವುದರ ಅಳತೆ) 1.333 ಇಟ್ಟುಕೊಳ್ಳಿ. i 30 ಡಿಗ್ರಿ ಇದ್ದರೆ ಉತ್ತರ ಸುಮಾರು 28. ಅದೇ 45ಕ್ಕೆ 38, 55ಕ್ಕೆ 41.7, 60ಕ್ಕೆ 42. ಆಮೇಲೆ ಇಳಿಯಲು ಶುರು: 65ಕ್ಕೆ 41.3, 75ಕ್ಕೆ 35.7, ಹನಿಯ ಅಂಚನ್ನು ಸವರಿಕೊಂಡು ಹೋಗುವ ಕಿರಣಕ್ಕೆ ಬರೀ 14. ಅಂದರೆ 42ಕ್ಕಿಂತ ಹೆಚ್ಚು ಕೋನಕ್ಕೆ ಯಾವ ಕಿರಣವೂ ಹೋಗುವುದಿಲ್ಲ. i 55ರಿಂದ 65ರವರೆಗಿನ ಕಿರಣಗಳೆಲ್ಲ ಮುಕ್ಕಾಲು ಡಿಗ್ರಿಯೊಳಗೇ ಗುಂಪುಗೂಡುತ್ತವೆ. ಆ ಗುಂಪೇ ಬಿಲ್ಲು. 42ಕ್ಕಿಂತ ಕಡಿಮೆ ಕೋನಗಳಿಗೂ ಅಷ್ಟಿಷ್ಟು ಬೆಳಕು, ಎಲ್ಲ ಬಣ್ಣ ಬೆರೆತದ್ದು, ಹೋಗುತ್ತಿರುತ್ತದೆ. ಆದ್ದರಿಂದಲೇ ಬಿಲ್ಲಿನ ಒಳಗಿನ ಆಕಾಶ ಹೊರಗಿನದಕ್ಕಿಂತ ಬೆಳ್ಳಗಿರುತ್ತದೆ. ಈ ಲೆಕ್ಕವನ್ನು ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ 1637ರಲ್ಲೇ ಕಿರಣ ಕಿರಣಕ್ಕೂ ಮಾಡಿ ಅಚ್ಚು ಹಾಕಿಸಿದ್ದ. ಬಣ್ಣಗಳು ಯಾಕೆ ಬೇರೆಯಾಗುತ್ತವೆ ಅನ್ನುವುದನ್ನು ಬಿಡಿಸಿಟ್ಟವನು ನ್ಯೂಟನ್.

ಬಣ್ಣಕ್ಕೆ ಬರೋಣ. ಕೆಂಪಿಗೆ ನೀರಿನ ಸೂಚ್ಯಂಕ 1.331, ನೇರಳೆಗೆ 1.343. ಇದೇ ಲೆಕ್ಕದಲ್ಲಿ ಕೆಂಪಿಗೆ 42.4 ಡಿಗ್ರಿ, ನೇರಳೆಗೆ 40.6 ಡಿಗ್ರಿ ಬರುತ್ತದೆ. ಒಂದೇ ಹನಿಯ ಚಿತ್ರದಲ್ಲಿ ಕೆಂಪು ಹೆಚ್ಚು ಕಡಿದಾಗಿ ಇಳಿಯುತ್ತದೆ, ನೇರಳೆ ಅದರ ಮೇಲೆ ಉಳಿಯುತ್ತದೆ. ನಿಮ್ಮ ಚಿತ್ರ ತಪ್ಪಲ್ಲ. ಆದರೆ ಒಂದು ಹನಿಯಿಂದ ಹೊರಟ ಎಲ್ಲ ಬಣ್ಣವೂ ಒಬ್ಬರ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಹನಿಯ ಕೆಂಪು ನಿಮ್ಮ ಕಣ್ಣಿಗೆ ಬಿದ್ದರೆ ಅದರ ನೇರಳೆ ತಲೆಯ ಮೇಲೆ ಹಾದುಹೋಗುತ್ತದೆ. ನೇರಳೆ ನಿಮಗೆ ಸಿಗುವುದು ಅದಕ್ಕಿಂತ ಕೆಳಗಿರುವ ಇನ್ನೊಂದು ಹನಿಯಿಂದ, ಅದರ ಕೆಂಪು ನಿಮ್ಮ ಕಾಲ ಬಳಿ ಬೀಳುತ್ತದೆ. ಉತ್ತರಪತ್ರಿಕೆಯಲ್ಲಿ ಎರಡು ಹನಿ, ಒಂದು ಕಣ್ಣು ಬರೆದರೆ ಗೊಂದಲವೇ ಇರುವುದಿಲ್ಲ.

ಚಿತ್ರ ಬರೆಯಲು ಕೋನಮಾಪಕವೂ ಬೇಡ. ಕೈವಾರದಲ್ಲಿ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೇಂದ್ರದ ಮೂಲಕ ಅಡ್ಡಗೆರೆ. ಅದಕ್ಕಿಂತ 4.3 ಸೆಂ.ಮೀ. ಮೇಲೆ, ಅದಕ್ಕೆ ಸಮಾಂತರವಾಗಿ ಎಡಗಡೆಯಿಂದ ಸೂರ್ಯನ ಕಿರಣ ತನ್ನಿ. ಅದು ವೃತ್ತವನ್ನು ಮುಟ್ಟಿದ ಜಾಗದಲ್ಲಿ ಕೈವಾರದ ಮುಳ್ಳು ಊರಿ, 7.6 ಸೆಂ.ಮೀ. ಅಗಲಿಸಿ, ಬಲಗಡೆ ವೃತ್ತವನ್ನು ಕತ್ತರಿಸಿ. ಆ ಬಿಂದು ಅಡ್ಡಗೆರೆಗಿಂತ ಸುಮಾರು 1.8 ಸೆಂ.ಮೀ. ಮೇಲೆ ಬಿದ್ದಿದ್ದರೆ ಕೈ ಸರಿಯಾಗಿದೆ. ಅಲ್ಲಿಂದ ಮತ್ತೆ 7.6 ಸೆಂ.ಮೀ.ಗೆ ಕೆಳಗಡೆ ಕತ್ತರಿಸಿ. ಕಿರಣ ಹೊರಬೀಳುವುದು ಅಲ್ಲಿ, ಎಡಕ್ಕೆ, ಅಡ್ಡಗೆರೆಗೆ 42 ಡಿಗ್ರಿ ಇಳಿಜಾರಿನಲ್ಲಿ. ಬಹಳಷ್ಟು ಮಕ್ಕಳು ಕಿರಣವನ್ನು ಹನಿಯ ನಡುಮಧ್ಯಕ್ಕೆ ಹೊಡೆದು ಚಿತ್ರ ಕೆಡಿಸುತ್ತಾರೆ. ನಡುವಿಗೆ ಬಿದ್ದ ಕಿರಣ ಬಂದ ದಾರಿಯಲ್ಲೇ ವಾಪಸ್, ಬಾಗುವುದೂ ಇಲ್ಲ, ಬಣ್ಣವೂ ಇಲ್ಲ.

ಪ್ರಶ್ನೆ: ಮೊನ್ನೆ ಮಧ್ಯಾಹ್ನ ಹನ್ನೆರಡು ಗಂಟೆಗೆ ಬಿಸಿಲೂ ಮಳೆಯೂ ಜೊತೆಗೇ ಬಂತು. ಕಾಗೆಗೂ ನರಿಗೂ ಮದುವೆ ಅಂತ ಮಕ್ಕಳನ್ನೆಲ್ಲ ತಾರಸಿಗೆ ಕರೆದುಕೊಂಡು ಹೋದರೆ ಕಾಮನಬಿಲ್ಲೇ ಇಲ್ಲ. ಯಾಕೆ?
— ಗೃಹಿಣಿ, ಕುವೆಂಪುನಗರ, ಮೈಸೂರು

ಹೊತ್ತು ಸರಿಯಿರಲಿಲ್ಲ. ಬಿಲ್ಲಿನ ಕೇಂದ್ರ ಇರುವುದು ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿ, ಅಂದರೆ ನಿಮ್ಮ ತಲೆಯ ನೆರಳು ಬೀಳುವ ಕಡೆ. ಅಲ್ಲಿಂದ ಸುತ್ತಲೂ 42 ಡಿಗ್ರಿಗೆ ಬಿಲ್ಲು. ಸೂರ್ಯ ಎಷ್ಟು ಮೇಲೇರುತ್ತಾನೋ ಕೇಂದ್ರ ಅಷ್ಟೇ ನೆಲದೊಳಕ್ಕೆ ಇಳಿಯುತ್ತದೆ. ಸೂರ್ಯ 42 ಡಿಗ್ರಿ ದಾಟಿದ ಮೇಲೆ ಬಯಲಲ್ಲಿ ನಿಂತವರಿಗೆ ಬಿಲ್ಲು ಪೂರ್ತಿ ದಿಗಂತದ ಕೆಳಗೆ.

ಮೈಸೂರಿಗೆ, ಮಂಡ್ಯಕ್ಕೆ ಲೆಕ್ಕ ಹಾಕಿದರೆ ಮೇ, ಜೂನ್‌ನಲ್ಲಿ ಬೆಳಿಗ್ಗೆ ಸುಮಾರು 9 ಗಂಟೆಯವರೆಗೆ, ಮಧ್ಯಾಹ್ನ 3.40ರ ಮೇಲೆ ಬಿಲ್ಲು ಸಾಧ್ಯ. ಮಾರ್ಚ್, ಸೆಪ್ಟೆಂಬರ್ ಕೊನೆಯಲ್ಲಿ 9.15ರವರೆಗೆ, 3.30ರ ಮೇಲೆ. ಡಿಸೆಂಬರ್‌ನಲ್ಲಿ ಸೂರ್ಯ ತಗ್ಗಿನಲ್ಲೇ ಓಡಾಡುವುದರಿಂದ 10 ಗಂಟೆಯವರೆಗೂ, 2.30ರ ಮೇಲೂ ಆದೀತು, ಆದರೆ ಆಗ ಮಳೆ ಎಲ್ಲಿ? ಇವು ಗಡಿಯ ವೇಳೆಗಳು. ಆ ಕ್ಷಣಕ್ಕೆ ದಿಗಂತದಲ್ಲಿ ಬಿಲ್ಲಿನ ಒಂದು ಚೂರು ಮಾತ್ರ ಇಣುಕುತ್ತದೆ, ಎದುರುಮನೆಯ ವಾಟರ್ ಟ್ಯಾಂಕ್ ಅದನ್ನೂ ಮುಚ್ಚುತ್ತದೆ. ಸಂಜೆ ಐದರ ಮೇಲೆ ನೋಡುವುದು ಲೇಸು. ಗಡಿಯಾರ ಬೇಡ ಅನ್ನುವವರು ನೆರಳು ನೋಡಿಕೊಳ್ಳಿ: ನಿಮ್ಮ ನೆರಳು ನಿಮಗಿಂತ ಗಿಡ್ಡಗಿದ್ದರೆ ತಾರಸಿ ಹತ್ತಬೇಡಿ.

ಎಲ್ಲಿ ನೋಡಬೇಕೆಂದು ಗೊತ್ತಾಗಲು ಗೇಣು ಸಾಕು. ಕೈಯನ್ನು ಪೂರ್ತಿ ಚಾಚಿ, ಬೆರಳು ಅಗಲಿಸಿದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಹತ್ತಿರ ಹತ್ತಿರ 20 ಡಿಗ್ರಿ. ತಲೆಯ ನೆರಳಿನಿಂದ ಎರಡು ಗೇಣು ಆಚೆ, ಯಾವ ಕಡೆ ಅಳೆದರೂ, ಬಿಲ್ಲು ಇದ್ದರೆ ಅಲ್ಲೇ ಇರಬೇಕು. ಸೂರ್ಯ ಮುಳುಗುವ ಹೊತ್ತಿಗೆ ಅದು ಅರ್ಧವೃತ್ತವಾಗಿ ಪೂರ್ವದಲ್ಲಿ ನಿಲ್ಲುತ್ತದೆ. ಮೇ ತಿಂಗಳಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ತುಸು ಉತ್ತರಕ್ಕೆ ಮುಳುಗುವುದರಿಂದ, ಅರಮನೆ ಆಸುಪಾಸಿನಿಂದ ನೋಡುವವರಿಗೆ ಬಿಲ್ಲಿನ ಬಲಗಾಲು ಹೆಚ್ಚುಕಡಿಮೆ ಚಾಮುಂಡಿ ಬೆಟ್ಟದ ಮೇಲೆ ಊರುತ್ತದೆ. ಅಕ್ಟೋಬರ್‌ಗೆ ಬಿಲ್ಲು ಪೂರ್ತಿ ಎಡಕ್ಕೆ ಸರಿದಿರುತ್ತದೆ, ಬೆಟ್ಟ ಅದರಿಂದ ಹೊರಗುಳಿಯುತ್ತದೆ.

ಪ್ರಶ್ನೆ: ಶಾಲೆಯ ವಿಜ್ಞಾನ ಮೇಳದಲ್ಲಿ ನೀರಿನ ಪೈಪ್ ಹಿಡಿದು ಕಾಮನಬಿಲ್ಲು ತೋರಿಸಬೇಕೆಂದಿದ್ದೇವೆ. ಪ್ರಯತ್ನಿಸಿದಾಗ ಕೆಲವು ಮಕ್ಕಳಿಗೆ ಕಂಡಿತು, ಕೆಲವರಿಗೆ ಇಲ್ಲ. ಮೇಳ ಬೆಳಿಗ್ಗೆ 11ಕ್ಕೆ. ಏನು ಮಾಡಬೇಕು?
— ವಿಜ್ಞಾನ ಶಿಕ್ಷಕಿ, ನಂಜನಗೂಡು

ಕೆಲವರಿಗೆ ಕಾಣದ್ದಕ್ಕೆ ಅವರು ನಿಂತ ಜಾಗ ಕಾರಣ. ಮಕ್ಕಳು ಸುತ್ತ ಗುಂಪುಗಟ್ಟಿ ನಿಂತರೆ ಅರ್ಧ ಮಕ್ಕಳ ಮುಖ ಸೂರ್ಯನ ಕಡೆಗಿರುತ್ತದೆ, ಅವರಿಗೆ ಬರೀ ಹೊಳೆಯುವ ನೀರು ಕಾಣುತ್ತದೆ. ಎಲ್ಲರೂ ಸೂರ್ಯನಿಗೆ ಬೆನ್ನು ಹಾಕಿ ಒಂದೇ ಸಾಲಿನಲ್ಲಿ ನಿಲ್ಲಲಿ. ನೀರು ಹಾರಿಸುವವರು ಸಾಲಿನ ತುದಿಯಲ್ಲಿ ನಿಂತು ಸಾಲಿನ ಮುಂದೆ, ಎರಡು ಮೂರು ಮೀಟರ್ ದೂರದಲ್ಲಿ, ಅಗಲವಾಗಿ ಹಾಯಿಸಲಿ.

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಹಾಳೆಯ ಹಾಗೆ ಹರಡುತ್ತದೆ, ಸರಿಯಾಗಿ ಹನಿಯಾಗಿ ಒಡೆಯುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಪ್ರೇ ಗನ್ ಹಾಕಿ, ಸಣ್ಣ ಶವರ್‌ನಂತೆ ಬೀಳುವ ಜಾಗಕ್ಕೆ ತಿರುಗಿಸಿ. ತೀರ ಮಂಜಿನಂತೆ ಮಾಡಬೇಡಿ. ಹನಿ 1 ಮಿ.ಮೀ. ಆಸುಪಾಸು ಇದ್ದರೆ ಬಣ್ಣ ಗಾಢ, 0.1 ಮಿ.ಮೀ.ಗೆ ಇಳಿದರೆ ಪೇಲವ, 0.05ಕ್ಕಿಂತ ಸಣ್ಣದಾದರೆ ಬಣ್ಣಗಳು ಒಂದರ ಮೇಲೊಂದು ಹರಡಿ ಬಿಳಿ ಕಮಾನು ಮಾತ್ರ ಉಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಮಂಜಿನಲ್ಲಿ ಕಾಣುವ ಬಿಳಿ ಬಿಲ್ಲು ಇದೇ. ಕೆಲವು ಕಡೆ ಔಷಧಿ ಹೊಡೆಯುವ ಬೆನ್ನುಪಂಪನ್ನು ತರುತ್ತಾರೆ. ಅದರ ಹನಿ ಸಣ್ಣದು, ಬಣ್ಣ ತೆಳು. ಎಷ್ಟು ತೊಳೆದರೂ ಅದರಲ್ಲಿ ಔಷಧಿ ಉಳಿದಿರುತ್ತದೆ, ಮಕ್ಕಳ ಹತ್ತಿರಕ್ಕೆ ತರಲೇಬೇಡಿ.

ಹಿನ್ನೆಲೆ ಕಪ್ಪಗಿರಬೇಕು. ಸುಣ್ಣದ ಗೋಡೆಯ ಮುಂದೆ ಕಾಣದ ಬಿಲ್ಲು ದಾಸವಾಳದ ಬೇಲಿಯ ಮುಂದೆ ಎದ್ದು ಕಾಣುತ್ತದೆ.

ಹನ್ನೊಂದು ಗಂಟೆಯ ತೊಂದರೆಗೆ ಪರಿಹಾರ ಮಹಡಿ. ಸೂರ್ಯ ಮೇಲಿದ್ದಾಗ ಬಿಲ್ಲು ಕೆಳಗಿರುತ್ತದೆ ಅಷ್ಟೇ, ಇಲ್ಲವಾಗಿರುವುದಿಲ್ಲ. ಮಕ್ಕಳನ್ನು ಮೊದಲ ಮಹಡಿಯ ಬಿಸಿಲು ಬೀಳುವ ತಾರಸಿಯಲ್ಲಿ, ಕೈಪಿಡಿ ಗೋಡೆಯ ಹಿಂದೆ ನಿಲ್ಲಿಸಿ, ಕೆಳಗಿನ ಅಂಗಳದ ಕಡೆಗೆ ನೀರು ಹಾಯಿಸಿ. ನೀರು ಬೀಳುವ ಜಾಗದಲ್ಲಿ ಬಿಸಿಲಿರಬೇಕು, ಕಟ್ಟಡದ ನೆರಳಿದ್ದರೆ ಆಟ ಕೆಟ್ಟಿತು. ಹೀಗೆ ಕೆಳಗೆ ನೋಡುವಾಗ ಕಮಾನಿನ ಬದಲು ವೃತ್ತದ ಮುಕ್ಕಾಲು ಭಾಗವೂ ಸಿಗಬಹುದು. ಬಿಲ್ಲು ನಿಜವಾಗಿ ಪೂರ್ಣ ವೃತ್ತ, ಕೆಳಗಿನ ಅರ್ಧವನ್ನು ನೆಲ ನುಂಗಿರುತ್ತದೆ ಅನ್ನುವುದನ್ನು ತೋರಿಸಲು ಇದಕ್ಕಿಂತ ಒಳ್ಳೆ ದಾರಿಯಿಲ್ಲ.

ಪ್ರಶ್ನೆ: ಕೆಆರ್‌ಎಸ್ ಬೃಂದಾವನದಲ್ಲಿ ರಾತ್ರಿ ಕಾರಂಜಿಗೆ ಅಷ್ಟು ಬಣ್ಣದ ದೀಪ ಬಿಟ್ಟರೂ ಕಾಮನಬಿಲ್ಲು ಮೂಡುವುದಿಲ್ಲ, ಹಗಲು ಮೂಡುತ್ತದೆ. ಯಾಕೆ?
— ಓದುಗರು, ಬೆಳಗೊಳ

ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣವೂ ಇರುತ್ತದೆ, ಹನಿ ಅವನ್ನು ಬಿಡಿಸುತ್ತದೆ. ಕೆಂಪು ದೀಪದಲ್ಲಿ ಕೆಂಪು ಬಿಟ್ಟು ಬಿಡಿಸಲು ಬೇರೇನೂ ಇಲ್ಲ. ಜೊತೆಗೆ ಕಾರಂಜಿಯ ಕಂಬದಂಥ ನೀರು ನೊರೆಯಾಗಿ ಮೇಲೇರುತ್ತದೆ, ಅದರಿಂದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಬಿಲ್ಲಿಗೆ ಬೇಕಾದ್ದು ಬಿಡಿಬಿಡಿ ಹನಿ. ಹಗಲಲ್ಲೂ ಬಿಲ್ಲು ಕಾಣುವುದು ಗಾಳಿಗೆ ಹಾರಿದ ತುಂತುರಿನಲ್ಲಿ, ಕಂಬದಲ್ಲಲ್ಲ. ಸಂಜೆ ನಾಲ್ಕೂವರೆಯ ಮೇಲೆ ಕಾರಂಜಿಯ ಪಶ್ಚಿಮಕ್ಕೆ ನಿಂತು ಪೂರ್ವಕ್ಕೆ ನೋಡಿ. ಮಳವಳ್ಳಿ ಕಡೆಯವರಿಗೆ ಗಗನಚುಕ್ಕಿ ಇದೆಯಲ್ಲ. ನದಿ ತುಂಬಿದಾಗ ಏಳುವ ತುಂತುರನ್ನು ಮೇಲಿನಿಂದ ಕೆಳಕ್ಕೆ ನೋಡುವುದರಿಂದ ಅಲ್ಲಿ ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೂ ಬಿಲ್ಲು ಸಿಕ್ಕೀತು. ಸೂರ್ಯ ಬೆನ್ನಿಗಿರಬೇಕು ಅನ್ನುವ ಷರತ್ತು ಮಾತ್ರ ಎಲ್ಲೂ ಬದಲಾಗುವುದಿಲ್ಲ.

ಪ್ರಶ್ನೆ: ನಮ್ಮಜ್ಜ ಪಡುವಲಲ್ಲಿ ಬಿಲ್ಲು ಕಟ್ಟಿದರೆ ಮಳೆ ಬರುತ್ತೆ, ಮೂಡಲಲ್ಲಿ ಕಟ್ಟಿದರೆ ಹೋಗುತ್ತೆ ಅನ್ನುತ್ತಿದ್ದರು. ಕಬ್ಬಿಗೆ ಗೊಬ್ಬರ ಹಾಕುವಾಗ ಇದನ್ನ ನಂಬಬಹುದಾ ಸಾರ್?
— ಕಬ್ಬು ಬೆಳೆಗಾರರು, ಪಾಂಡವಪುರ

ಅರ್ಧ ನಂಬಬಹುದು. ಪಡುವಲಲ್ಲಿ ಬಿಲ್ಲು ಕಾಣುವುದು ಬೆಳಿಗ್ಗೆ ಮಾತ್ರ, ಯಾಕೆಂದರೆ ಸೂರ್ಯ ಮೂಡಲಲ್ಲಿರುತ್ತಾನೆ. ಅಂದರೆ ಮಳೆ ಈಗ ಪಶ್ಚಿಮದಲ್ಲಿ ಬೀಳುತ್ತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿ ಪಶ್ಚಿಮದ ಕಡೆಯಿಂದಲೇ ಬೀಸುವುದರಿಂದ ಆ ಮಳೆ ನಿಮ್ಮ ಕಡೆಗೇ ಬರುವ ಸಾಧ್ಯತೆ ಹೆಚ್ಚು. ಸಂಜೆ ಮೂಡಲಲ್ಲಿ ಬಿಲ್ಲು ಕಂಡರೆ ಮಳೆ ನಿಮ್ಮನ್ನು ದಾಟಿ ಹೋಗಿದೆ, ಪಶ್ಚಿಮ ತೆರವಾಗಿ ಬಿಸಿಲು ಬಿದ್ದಿದೆ. ಅಜ್ಜನ ಲೆಕ್ಕ ಇಲ್ಲಿಯವರೆಗೆ ಸರಿ.

ಅಕ್ಟೋಬರ್, ನವೆಂಬರ್‌ನಲ್ಲಿ ಇದು ತಲೆಕೆಳಗು. ಹಿಂಗಾರಿನಲ್ಲಿ ಗಾಳಿ ಪೂರ್ವ, ಈಶಾನ್ಯದಿಂದ ಬರುತ್ತದೆ. ಸಂಜೆ ಮೂಡಲಲ್ಲಿ ಕಂಡ ಬಿಲ್ಲಿನ ಮಳೆ ನಿಮ್ಮ ಗದ್ದೆಗೇ ಬರಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗಂತೂ ಯಾವ ಲೆಕ್ಕವೂ ಹಿಡಿಯುವುದಿಲ್ಲ, ಒಂದು ಮೋಡ ಎಲ್ಲಿ ಎದ್ದಿತೋ ಅಲ್ಲೇ ಸುರಿದು ಮುಗಿಯಬಹುದು. ಯೂರಿಯಾ ಚೆಲ್ಲುವ ಮುನ್ನ ಬಿಲ್ಲಿಗಿಂತ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಳ್ಳಿ.

ಪ್ರಶ್ನೆ: ಕಾಮನಬಿಲ್ಲಿನ ಬುಡಕ್ಕೆ ಹೋಗಬಹುದಾ?
— ನಾಲ್ಕನೇ ತರಗತಿ, ಶ್ರೀರಂಗಪಟ್ಟಣ

ಇಲ್ಲ ಪುಟ್ಟ. ಬಿಲ್ಲು ಒಂದು ಜಾಗದಲ್ಲಿ ನಿಂತಿರುವ ವಸ್ತು ಅಲ್ಲ. ನಿನ್ನ ತಲೆಯ ನೆರಳಿನಿಂದ 42 ಡಿಗ್ರಿ ಆಚೆ ಇರುವ ಹನಿಗಳೆಲ್ಲ ಸೇರಿ ನಿನಗೆ ಕಾಣುವುದೇ ಬಿಲ್ಲು. ನೀನು ನಡೆದರೆ ನೆರಳೂ ನಡೆಯುತ್ತದೆ, ಬಿಲ್ಲೂ ನಡೆಯುತ್ತದೆ. ಪಕ್ಕದಲ್ಲಿ ನಿಂತ ನಿನ್ನ ಅಕ್ಕನಿಗೆ ಬೇರೆ ಹನಿಗಳಿಂದ ಬೇರೆ ಬಿಲ್ಲು. ಹನಿಗಳು ನಾಲ್ಕು ಕಿಲೋಮೀಟರ್ ದೂರ ಇರಬಹುದು, ನೀರಿನ ಪೈಪ್ ಹಿಡಿದಾಗ ಕೈಗೆ ಸಿಗುವಷ್ಟು ಹತ್ತಿರವೂ ಇರಬಹುದು.

ಪ್ರಶ್ನೆ: ಎರಡು ಬಿಲ್ಲು ಒಟ್ಟಿಗೆ ಕಂಡಾಗ ಎರಡನೆಯದರ ಬಣ್ಣ ಉಲ್ಟಾ, ನಡುವೆ ಆಕಾಶ ಕಪ್ಪು. ಫೋಟೊದಲ್ಲಿ ಮಾತ್ರ ಪೂರ್ತಿ ಬಿಲ್ಲು ಬರುವುದೇ ಇಲ್ಲ. ಕೂಲಿಂಗ್ ಗ್ಲಾಸ್ ಹಾಕಿದರೆ ಬಿಲ್ಲಿನ ನೆತ್ತಿ ಮಾಯವಾಗುತ್ತದೆ, ಇದೇನು?
— ಹವ್ಯಾಸಿ ಛಾಯಾಗ್ರಾಹಕರು, ಸರಸ್ವತಿಪುರಂ, ಮೈಸೂರು

ಎರಡನೆಯದು ಹನಿಯೊಳಗೆ ಎರಡು ಸಲ ಪ್ರತಿಫಲಿಸಿ ಬಂದ ಬೆಳಕು. ಒಂದೊಂದು ಪ್ರತಿಫಲನದಲ್ಲೂ ಬಹುಪಾಲು ಸೋರಿಹೋಗುವುದರಿಂದ ಅದು ಮಂಕು. ಅದರ ಕೆಂಪು 50.4 ಡಿಗ್ರಿಯಲ್ಲಿ, ನೇರಳೆ 53.5ರಲ್ಲಿ, ಆದ್ದರಿಂದ ಕೆಂಪು ಒಳಗಡೆ. ಮೊದಲ ಬಿಲ್ಲಿನ ಬೆಳಕು 42ಕ್ಕಿಂತ ಒಳಗೆ ಬೀಳುತ್ತದೆ, ಎರಡನೆಯದರದ್ದು 50ಕ್ಕಿಂತ ಹೊರಗೆ. ನಡುವಿನ ಎಂಟು ಡಿಗ್ರಿಗೆ ಎರಡೂ ಕಡೆಯಿಂದ ಬೆಳಕಿಲ್ಲ. ಇದನ್ನು ಕ್ರಿ.ಶ. 200ರ ಸುಮಾರಿಗೆ ವರ್ಣಿಸಿದ ಗ್ರೀಕ್ ತತ್ತ್ವಜ್ಞಾನಿಯ ಹೆಸರಿನಲ್ಲಿ ಅಲೆಕ್ಸಾಂಡರ್ ಪಟ್ಟಿ ಅನ್ನುತ್ತಾರೆ. ಮೊದಲ ಬಿಲ್ಲಿನ ಒಳ ಅಂಚನ್ನೂ ಒಮ್ಮೆ ಗಮನಿಸಿ: ನೇರಳೆಯ ಕೆಳಗೆ, ನೆತ್ತಿಯ ಹತ್ತಿರ, ತೆಳುವಾದ ಗುಲಾಬಿ, ಹಸಿರು ಗೆರೆಗಳು ಕಾಣಬಹುದು. ಹನಿಗಳು ಸಣ್ಣವೂ ಒಂದೇ ಗಾತ್ರದವೂ ಆಗಿದ್ದಾಗ ಇವು ಚೆನ್ನಾಗಿ ಮೂಡುತ್ತವೆ. ಡೆಕಾರ್ಟ್‌ನ ಕಿರಣದ ಲೆಕ್ಕಕ್ಕೆ ಇವು ಸಿಗುವುದಿಲ್ಲ. ಬೆಳಕು ಅಲೆ ಎಂದುಕೊಂಡು 1804ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಇವಕ್ಕೆ ಕಾರಣ ಕೊಟ್ಟ.

ಫೋಟೊ ವಿಷಯ ಸರಳ. ಬಿಲ್ಲಿನ ಅಗಲ ಒಂದು ಕಾಲಿನಿಂದ ಇನ್ನೊಂದಕ್ಕೆ ಸುಮಾರು 84 ಡಿಗ್ರಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಅಡ್ಡಕ್ಕೆ 74 ಡಿಗ್ರಿ ಮಾತ್ರ ಹಿಡಿಯುತ್ತದೆ, ಮೊಬೈಲಿನ ಮುಖ್ಯ ಕ್ಯಾಮೆರಾವೂ ಅಷ್ಟೇ. 18 ಮಿ.ಮೀ. ಬೇಕು, ಇಲ್ಲವೇ ಮೊಬೈಲಿನ 0.5 ಅಲ್ಟ್ರಾವೈಡ್. ಹಿಂದಿನ ಮೋಡ ಕಪ್ಪಾಗಿ ಉಳಿಯುವಂತೆ ಎಕ್ಸ್‌ಪೋಷರ್ ತುಸು ಇಳಿಸಿ.

ಕೂಲಿಂಗ್ ಗ್ಲಾಸ್ ವಿಷಯದಲ್ಲಿ ನೀವು ಕಂಡದ್ದು ನಿಜ, ನಿಮ್ಮದು ಪೋಲರಾಯ್ಡ್ ಗಾಜಿರಬೇಕು. ಹನಿಯ ಹಿಂಬದಿಯಲ್ಲಿ ಒಂದು ದಿಕ್ಕಿನ ಕಂಪನದ ಬೆಳಕು ನೂರಕ್ಕೆ ಹನ್ನೊಂದು ಪಾಲು ಒಳಕ್ಕೆ ತಿರುಗಿದರೆ, ಅದಕ್ಕೆ ಲಂಬವಾದದ್ದು ಅರ್ಧ ಪಾಲೂ ಇಲ್ಲ. ಹೀಗಾಗಿ ಬಿಲ್ಲಿನ ಬೆಳಕು ಕಮಾನಿನ ಗುಂಟ ಧ್ರುವೀಕರಣಗೊಂಡಿರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಕಂಪಿಸುತ್ತದೆ: ನೆತ್ತಿಯಲ್ಲಿ ಅಡ್ಡಡ್ಡ, ಕಾಲುಗಳಲ್ಲಿ ಉದ್ದುದ್ದ. ಆ ಗಾಜು ಅಡ್ಡ ಕಂಪನವನ್ನು ತಡೆಯುತ್ತದೆ. ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ನೆತ್ತಿ ವಾಪಸ್ ಬರುತ್ತದೆ, ಕಾಲುಗಳು ಮಂಕಾಗುತ್ತವೆ. ಕ್ಯಾಮೆರಾಗೆ ಪೋಲರೈಸರ್ ಹಾಕಿದ್ದರೆ ತಿರುಗಿಸಿ ನೋಡಿಯೇ ಕ್ಲಿಕ್ ಮಾಡಿ, ಇಲ್ಲವಾದರೆ ಬಿಲ್ಲನ್ನೇ ಅಳಿಸಿದ ಫೋಟೊ ಸಿಗುತ್ತದೆ.

ಪ್ರಶ್ನೆ: ಮಟಮಟ ಮಧ್ಯಾಹ್ನ ಸೂರ್ಯನ ಸುತ್ತ ದುಂಡಗೆ ಕಾಮನಬಿಲ್ಲು ಕಂಡಿತು. ಮಳೆಯೇ ಇರಲಿಲ್ಲ!
— ಆಟೊ ಚಾಲಕರು, ಮದ್ದೂರು

ಅದು ಕಾಮನಬಿಲ್ಲಲ್ಲ, ಪರಿವೇಷ. ಬಹಳ ಎತ್ತರದ ತೆಳು ಮೋಡದಲ್ಲಿ ಆರು ಮುಖದ ಹಿಮದ ಹರಳುಗಳಿರುತ್ತವೆ. ಬೆಳಕು ಅವುಗಳ ಒಳಗೆ ಎಲ್ಲೂ ಪ್ರತಿಫಲಿಸದೆ, ಒಂದು ಮುಖದಿಂದ ಹೊಕ್ಕು ಇನ್ನೊಂದರಿಂದ ಹೊರಬರುವಾಗ 22 ಡಿಗ್ರಿ ಬಾಗುತ್ತದೆ. ಬಳೆಯ ಕೆಂಪು ಒಳಗಡೆ, ಸೂರ್ಯನಿಂದ ಒಂದು ಗೇಣು ಮಾತ್ರ ದೂರ. ಬಿಲ್ಲಿಗೆ ಸೂರ್ಯ ಬೆನ್ನ ಹಿಂದೆ, ಇದಕ್ಕೆ ಸೂರ್ಯ ನಡುವೆಯೇ. 2021ರ ಮೇ 24ರಂದು ಬೆಂಗಳೂರಿನ ಜನ ಬೀದಿಗಿಳಿದು ನೋಡಿದ್ದೂ ಇದನ್ನೇ. ನೋಡುವಾಗ ಸೂರ್ಯನನ್ನು ನೇರ ದಿಟ್ಟಿಸಬೇಡಿ. ಬೀದಿದೀಪದ ತಲೆಯೋ ಮನೆಯ ಸೂರೋ ಸೂರ್ಯನನ್ನು ಮರೆಮಾಡುವಂತೆ ನಿಂತರೆ ಬಳೆ ಚೆನ್ನಾಗಿ ಕಾಣುತ್ತದೆ, ಕಣ್ಣೂ ಉಳಿಯುತ್ತದೆ.